ಮಗಳು ನೇಪಾಳದ ಮಕ್ಕಳ ಆಶ್ರಮಕ್ಕೆ ಸ್ವಯಂಸೇವೆಗೆ ಹೊರಟಿದ್ದಾಳೆ: ತಿಳಿದವರು ಹೇಳಬೇಕು

ಬಕುಲದ ನೆರಳು, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಈ ವರ್ಷ ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಿದ್ದಾಳೆ. ಕೆಲಸಕ್ಕೆ ಸೇರುವ ಮೊದಲು ನೇಪಾಳಕ್ಕೆ ಹೋಗಿ, ಕಾಠ್ಮಂಡುವಿನ ಸಮೀಪದ ಮಕ್ಕಳ ಆಶ್ರಮವೊಂದರಲ್ಲಿ ನಾಲ್ಕು ವಾರ ಸ್ವಯಂಸೇವಕಿಯಾಗಿ ಇದ್ದು ಬರುತ್ತೇನೆ ಎನ್ನುತ್ತಿದ್ದಾಳೆ. ಇದನ್ನು ಏರ್ಪಡಿಸುವವರು ಅರವತ್ತು ಸಾವಿರ ರೂಪಾಯಿ ಕೇಳಿದ್ದಾರೆ. ಸ್ಥಳೀಯ ಕುಟುಂಬದ ಮನೆಯಲ್ಲಿ ವಸತಿ, ಎರಡು ಹೊತ್ತಿನ ಊಟ, ವಾರದ ಕೊನೆಗೆ ಪ್ರವಾಸ ಎಲ್ಲವೂ ಅದರಲ್ಲೇ ಸೇರಿದೆಯಂತೆ.

ಅವಳ ಆಸೆ ಒಳ್ಳೆಯದೇ. ಚಿಕ್ಕಂದಿನಿಂದಲೂ ಮಕ್ಕಳೆಂದರೆ ಅವಳಿಗೆ ಪ್ರಾಣ. ಕೇರಿಯ ಮಕ್ಕಳೆಲ್ಲ ರಜೆಯಲ್ಲಿ ನಮ್ಮ ಜಗುಲಿಯಲ್ಲೇ ಇರುತ್ತಿದ್ದರು. ನಮ್ಮ ಯಜಮಾನರು ಹೋಗಿಬರಲಿ ಎನ್ನುತ್ತಾರೆ. ಆದರೆ ನನಗೆ ಒಂದು ಸಂಗತಿ ಚುಚ್ಚುತ್ತಿದೆ. ಅವರು ಪಾಸ್‌ಪೋರ್ಟಿನ ಪ್ರತಿ, ಒಂದು ಫೋಟೋ ಮತ್ತು ಮುಂಗಡ ಹಣ ಬಿಟ್ಟರೆ ಇವಳಿಂದ ಬೇರೇನನ್ನೂ ಕೇಳಿಲ್ಲ. ಮಕ್ಕಳ ಜೊತೆ ಕೆಲಸ ಮಾಡಿದ ಅನುಭವವಿದೆಯೇ, ಪೊಲೀಸ್ ಠಾಣೆಯಿಂದ ನಡತೆಯ ಪತ್ರ ತರುತ್ತೀರಾ, ನೇಪಾಳಿ ಭಾಷೆ ಬರುತ್ತದೆಯೇ, ಒಂದು ಮಾತೂ ಇಲ್ಲ. ತೋಟಕ್ಕೆ ಅಡಿಕೆ ಕೊಯ್ಯುವ ಹೊಸ ಕೊನೆಗೌಡನನ್ನು ಗೊತ್ತು ಮಾಡುವಾಗಲೂ ನಾವು ಎರಡು ಮನೆಯಲ್ಲಿ ವಿಚಾರಿಸುತ್ತೇವೆ. ಊರು ಹೆಸರು ತಿಳಿಯದ ಹುಡುಗಿಯನ್ನು ಮಕ್ಕಳ ನಡುವೆ ಬಿಡುವವರು ಏನನ್ನೂ ವಿಚಾರಿಸುವುದಿಲ್ಲವೆಂದರೆ ಹೇಗೆ?

ನಮ್ಮ ಅತ್ತೆಯವರು ಎಲ್ಲವನ್ನೂ ಕೇಳಿಸಿಕೊಂಡು, ಎಲೆಯಡಿಕೆ ಕವಳದ ಬಟ್ಟಲು ಬದಿಗಿಟ್ಟು, "ಆ ಮಕ್ಕಳಿಗೆ ಇವಳು ಏನಾಗಬೇಕು?" ಎಂದು ಒಂದೇ ಮಾತು ಕೇಳಿದರು. ಮಗಳಿಗೆ ಸಿಟ್ಟು ಬಂದು ಎದ್ದು ಹೋದಳು. ನನಗೂ ಉತ್ತರ ತೋಚಲಿಲ್ಲ.

ಕಾಳಿ ದಂಡೆ, ಕಾರವಾರ

ಬಕುಲದ ನೆರಳು ಅವರೇ, ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ನಿಮ್ಮ ಅತ್ತೆಯವರ ಪ್ರಶ್ನೆಗಿಂತ ಸರಿಯಾದ ಪ್ರಶ್ನೆ ನನಗೂ ತೋಚುವುದಿಲ್ಲ. ಅದಕ್ಕೆ ಸುತ್ತುಬಳಸಿ ಉತ್ತರಿಸುತ್ತೇನೆ, ಬೇಸರಿಸಬೇಡಿ.

ಮೊದಲು ಆ ಆಶ್ರಮ ಇರುವ ಜಾಗವನ್ನು ನೋಡಿ. ನೇಪಾಳದಲ್ಲಿ 77 ಜಿಲ್ಲೆಗಳಿದ್ದರೂ ಮಕ್ಕಳ ಗೃಹಗಳಲ್ಲಿ ಬಹುಪಾಲು ಕಾಠ್ಮಂಡು, ಲಲಿತಪುರ, ಭಕ್ತಪುರ, ಕಾಸ್ಕಿ, ಚಿತವನ ಎಂಬ ಕೆಲವೇ ಜಿಲ್ಲೆಗಳಲ್ಲಿ ಗುಂಪಾಗಿವೆ. ಪ್ರವಾಸಿಗರು ಹೆಚ್ಚಾಗಿ ಬಂದಿಳಿಯುವ ಜಿಲ್ಲೆಗಳೂ ಇವೇ. ಬಡತನ ಹೆಚ್ಚಿರುವುದು ದೂರದ ಕರ್ಣಾಲಿ ಸೀಮೆಯ ಗುಡ್ಡಗಳಲ್ಲಿ. ಅನಾಥರ ಊರು ಒಂದು, ಅನಾಥಾಲಯದ ಊರು ಇನ್ನೊಂದು ಎಂದಾದಾಗ, ನಡುವಿನ ದಾರಿಯಲ್ಲಿ ಮಕ್ಕಳನ್ನು ಕರೆತಂದವರು ಯಾರು ಎಂದು ಕೇಳಲೇಬೇಕಾಗುತ್ತದೆ. 1996ರಿಂದ 2006ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂತಹ ಜಿಲ್ಲೆಗಳ ತಂದೆತಾಯಂದಿರು, ಪಟ್ಟಣದಲ್ಲಿ ಓದಿಸುತ್ತೇವೆ ಎಂದ ದಲ್ಲಾಳಿಗಳ ಮಾತು ನಂಬಿ, ಸಾಲ ಮಾಡಿ ಹಣ ಕೊಟ್ಟು ಮಕ್ಕಳನ್ನು ಕಳಿಸಿದರು. ಆ ಮಕ್ಕಳಲ್ಲಿ ಅನೇಕರು ಕಾಗದಪತ್ರಗಳಲ್ಲಿ ಅನಾಥರಾದರು. 2015ರ ಏಪ್ರಿಲ್ 25ರ ಭೂಕಂಪದ ನಂತರ ಇದೇ ಮತ್ತೆ ನಡೆದೀತೆಂಬ ಭಯದಿಂದ ನೇಪಾಳ ಸರಕಾರವು ಹೊಸ ಮಕ್ಕಳ ಗೃಹಗಳ ನೋಂದಣಿಯನ್ನೂ ವಿದೇಶಿ ದತ್ತುವನ್ನೂ ತಡೆಹಿಡಿಯಿತು.

ಇದು ನೇಪಾಳವೊಂದರ ಕಥೆಯಲ್ಲ. ಜಗತ್ತಿನಾದ್ಯಂತ ಇಂತಹ ಗೃಹಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿಯೋ ತಂದೆಯೋ ಬದುಕಿಯೇ ಇದ್ದಾರೆ. 2018ರಲ್ಲಿ ಆಧುನಿಕ ಗುಲಾಮಗಿರಿಯ ಕುರಿತು ಕಾಯಿದೆ ಮಾಡುವ ಹೊತ್ತಿನಲ್ಲಿ ಆಸ್ಟ್ರೇಲಿಯಾ ದೇಶವು, ಲಾಭಕ್ಕಾಗಿ ಮಕ್ಕಳನ್ನು ಅನಾಥಾಲಯಗಳಿಗೆ ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯದ ಸ್ವಯಂಸೇವೆಯಿಂದಾಗುವ ಹಾನಿಯ ಮಾತನ್ನು ಎತ್ತಿತು. ನಿಮ್ಮ ಮಗಳು ಕೊಡುವ ಅರವತ್ತು ಸಾವಿರವು ಮಗುವನ್ನು ತಾಯಿಯಿಂದ ದೂರವಿಡುವುದಕ್ಕೇ ಕೂಲಿಯಾಗಬಹುದು ಎಂಬುದು ಕಹಿಯಾದರೂ ನಿಜ.

ಇನ್ನು ಮಕ್ಕಳ ಮನಸ್ಸಿನ ವಿಷಯ. ರೊಮೇನಿಯಾದ ಬುಖಾರೆಸ್ಟ್ ನಗರದಲ್ಲಿ 2000ದ ಸುಮಾರಿಗೆ ಆರಂಭವಾದ ಒಂದು ಅಧ್ಯಯನವು ಅನಾಥಾಲಯದ 136 ಎಳೆಯ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿತು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿ ಹೋಲಿಸಿ ನೋಡಿದಾಗ, ಎರಡು ವರ್ಷ ತುಂಬುವ ಮೊದಲೇ ಒಂದು ಮನೆ ಸೇರಿದ ಮಕ್ಕಳು ಚೆನ್ನಾಗಿ ಚೇತರಿಸಿಕೊಂಡರು. ಮಗುವಿಗೆ ಬೇಕಾದದ್ದು ದಿನವೂ ಕಾಣುವ ಒಂದೇ ಮುಖ. ತಿಂಗಳಿಗೊಬ್ಬರಂತೆ ಬಂದು ಎತ್ತಿ ಮುದ್ದಾಡಿ ಹೋಗುವವರ ಸಾಲಿನಲ್ಲಿ ನಿಮ್ಮ ಮಗಳು ಎಷ್ಟನೆಯವಳಾಗುತ್ತಾಳೋ ನೋಡಿ. ಆಶ್ರಮಕ್ಕೆ ಬಂದವರ ಕಾಲಿಗೆ ಮಕ್ಕಳು ಓಡಿ ಬಂದು ತೆಕ್ಕೆ ಬೀಳುತ್ತವೆ ಎಂದು ಹೋಗಿಬಂದವರು ಸಂತೋಷದಿಂದ ಹೇಳುವುದನ್ನು ಕೇಳಿದ್ದೇನೆ. ಮನೆಯಲ್ಲಿ ಬೆಳೆಯುವ ಮಗು ಅಪರಿಚಿತರನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅಡಗಲು ಸೆರಗಿಲ್ಲದ ಮಗು ಎದುರಿಗೆ ಬಂದವರ ಕಡೆಗೇ ಓಡುತ್ತದೆ.

ಹೊಸಗದ್ದೆ, ಸಿದ್ದಾಪುರ

ಮಾಸ್ತರರು ಬಹಳ ಚೆನ್ನಾಗಿ ಬರೆದಿದ್ದಾರೆ. ನನ್ನದು ಚಿಕ್ಕ ಪ್ರಶ್ನೆ. ಮಕ್ಕಳ ಸೇವೆಗೆ ಗಡಿ ದಾಟಿ ಹೋಗಬೇಕೇ? ನಮ್ಮದೇ ಜಿಲ್ಲೆಯ ಜೋಯಿಡಾದ ಕಾಡಿನ ನಡುವೆ ಒಬ್ಬರೇ ಶಿಕ್ಷಕರು ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಶಾಲೆಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅರ್ಧ ಮಕ್ಕಳು ಬರುವುದಿಲ್ಲ. ಅಲ್ಲಿ ಒಂದು ವರ್ಷ ಕುಳಿತು ಕಲಿಸಲು ನಮ್ಮ ಪದವೀಧರರಿಗೆ ಪುರುಸೊತ್ತಿಲ್ಲ; ಕಾಠ್ಮಂಡುವಿಗೆ ಹೋಗಲು ಇದೆ. ಜೋಯಿಡಾದಲ್ಲಿ ತೆಗೆದ ಫೋಟೋವನ್ನು ಯಾರೂ ನೋಡುವುದಿಲ್ಲ ಎಂಬುದೂ ಕಾರಣವಿರಬಹುದು. ಹುಡುಗಿಗೆ ನೋವಾಗುವುದಾದರೆ ಕ್ಷಮೆಯಿರಲಿ.

ಮೇಚಿ ಆಚೆ, ಹುಲೇಕಲ್ ಕಡೆ

ಹೊಸಗದ್ದೆಯವರ ಮಾತು ಖಾರವಾಗಿದ್ದರೂ ಅರ್ಧ ಸರಿ. ಉಳಿದ ಅರ್ಧದ ಬಗ್ಗೆ ನನಗೆ ಹೇಳುವುದಿದೆ, ಯಾಕೆಂದರೆ ನಾನು ಹೋಗಿದ್ದವಳು.

2019ರ ಏಪ್ರಿಲ್‌ನಿಂದ 2020ರ ಫೆಬ್ರುವರಿಯವರೆಗೆ ಪೂರ್ವ ನೇಪಾಳದ ಝಾಪಾ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೆ. ಸಿಲಿಗುರಿಯಲ್ಲಿ ಶಿಕ್ಷಕಿಯಾಗಿದ್ದ ನನ್ನ ಬಿ.ಎಡ್. ಗೆಳತಿಯ ಮೂಲಕ ಅಲ್ಲಿನ ಹೆಂಗಸರ ಉಳಿತಾಯ ಗುಂಪೊಂದರ ಪರಿಚಯವಾಯಿತು. ಅವರೇ ಶಾಲೆಯವರಲ್ಲಿ ಮಾತನಾಡಿ, ಉಳಿಯಲು ಒಂದು ಮನೆ ಹುಡುಕಿಕೊಟ್ಟರು. ನಡುವೆ ಏಜೆಂಟರಿರಲಿಲ್ಲ. ಸಿಲಿಗುರಿಯಿಂದ ಪಾನಿಟಂಕಿಗೆ ಹೋಗಿ ಮೇಚಿ ನದಿಯ ಸೇತುವೆ ದಾಟಿದರೆ ಕಾಕಡಭಿಟ್ಟಾ. ಭಾರತೀಯರಿಗೆ ವೀಸಾ ಬೇಡ, ಮತದಾರರ ಚೀಟಿ ಸಾಕು. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದಿದೆ. ದೇಶ ಬದಲಾಯಿತೆಂದು ನನಗೆ ಗೊತ್ತಾದದ್ದು ಅಷ್ಟರಿಂದಲೇ, ಯಾಕೆಂದರೆ ಬಸ್ಸಿನ ಕಿಟಕಿಯಾಚೆ ಕಂಡದ್ದು ಅಡಿಕೆ ಮರಗಳು. ಚಹಾ ತೋಟಗಳ ಜೊತೆಗೆ ಅಡಿಕೆ ಬೆಳೆಯುವ ಜಿಲ್ಲೆ ಅದು. ದರ ಬಿದ್ದಾಗಲೆಲ್ಲ ನಮ್ಮ ಜಗುಲಿಗಳಲ್ಲಿ ನೇಪಾಳದ ಅಡಿಕೆಯನ್ನು ಬೈಯುವುದು ರೂಢಿ. ಹತ್ತು ತಿಂಗಳು ನನಗೆ ಅನ್ನ ಹಾಕಿದ್ದು ಅಂತಹ ಅಡಿಕೆ ಬೆಳೆಯುವ ಮನೆಯೇ. (ಅವರು ಬೆಳೆಯುವವರು, ಗಡಿ ದಾಟಿಸುವವರಲ್ಲ ಎಂದು ನಮ್ಮ ಅಪ್ಪಯ್ಯನಿಗೆ ಎಷ್ಟು ಸಲ ಹೇಳಿದರೂ ಸಂಶಯ ಹೋಗಿಲ್ಲ.)

ಆ ಮನೆಯಲ್ಲಿ ಆಮಾ ಎಂದು ನಾನು ಕರೆಯುತ್ತಿದ್ದ ಗೃಹಿಣಿ, ಬಜೈ ಎಂದು ಎಲ್ಲರೂ ಕರೆಯುತ್ತಿದ್ದ ಅವರ ಅತ್ತೆ, ಎಂಟನೆಯ ತರಗತಿಯ ಮಗಳು, ಎರಡು ಹಸುಗಳು ಇದ್ದವು. ಯಜಮಾನರು ಕತಾರಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ನೇಪಾಳದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗದಷ್ಟು ಹಣ ಹೀಗೆ ಹೊರದೇಶದಲ್ಲಿ ದುಡಿಯುವವರಿಂದ ಬರುತ್ತದೆ. ಗಂಡಸರಿಲ್ಲದ ಮನೆಗಳ ಸಾಲು, ಸಂಜೆಯ ಫೋನಿಗೆ ಕಾಯುವ ಹೆಂಗಸರು, ಇವು ಭಟ್ಕಳದ ಕಡೆಯವರಿಗೆ ಹೊಸದಲ್ಲ. ಘಟ್ಟದ ಮೇಲಿನ ನನಗೆ ಹೊಸದಾಗಿತ್ತು.

ಶಾಲೆಯಲ್ಲಿ ನಾನು ಮಾಡಿದ ಮೊದಲ ತಪ್ಪನ್ನು ಹೇಳಿಬಿಡುತ್ತೇನೆ. ಎರಡನೆಯ ತರಗತಿಗೆ ಹೋಗಿ ಹಾಡು ಹೇಳಿಸಿದೆ, ಕುಣಿಸಿದೆ, ಬಣ್ಣದ ಕಾಗದ ಕತ್ತರಿಸಿದೆ. ಮಕ್ಕಳು ನನ್ನನ್ನು ಮುತ್ತಿಕೊಂಡವು. ಆ ತರಗತಿಯ ಶಿಕ್ಷಕಿ ಹಿಂದಿನ ಬೆಂಚಿನಲ್ಲಿ ನಗುತ್ತ ಕುಳಿತಿದ್ದರು. ಮೂರು ವಾರದ ನಂತರ ಒಂದು ದಿನ ಜ್ವರ ಬಂದು ನಾನು ಮನೆಯಲ್ಲಿ ಉಳಿದೆ. ಮಕ್ಕಳು ಆಕೆಯ ಮಾತನ್ನು ಕೇಳಲೇ ಇಲ್ಲವೆಂದೂ "ದಿದಿ (ಅಕ್ಕ) ಬರಲಿ" ಎಂದು ಗಲಾಟೆ ಮಾಡಿದವೆಂದೂ ಮರುದಿನ ಮುಖ್ಯೋಪಾಧ್ಯಾಯರು ಮೆಲ್ಲಗೆ ತಿಳಿಸಿದರು. ನಾನು ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚಾಗಿತ್ತು. ಅಂದಿನಿಂದ ಬೆಂಚು ಬದಲಾಯಿತು: ಶಿಕ್ಷಕಿ ಮುಂದೆ, ನಾನು ಹಿಂದೆ. ಸಂಜೆ ಇಬ್ಬರೂ ಕುಳಿತು ಬಿದಿರಿನ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟುತ್ತಿದ್ದೆವು, ಮಕ್ಕಳಿಗೆ ಬಿಡಿ ಹತ್ತು ನೂರುಗಳ ಸ್ಥಾನ ತಿಳಿಯಲೆಂದು. ಬಿದ್ದ ಅಡಿಕೆ ಹಾಳೆಯನ್ನು ಚೌಕವಾಗಿ ಕತ್ತರಿಸಿ ಇದ್ದಿಲಿನಿಂದ ಅಂಕಿ ಬರೆಯುವ ಉಪಾಯ ಆಕೆಯದೇ. ನಾನು ಬಂದ ಮೇಲೂ ಆ ಕಟ್ಟುಗಳು ಅಲ್ಲಿ ಉಳಿದವು. ಹತ್ತು ತಿಂಗಳಲ್ಲಿ ಉಪಯೋಗಕ್ಕೆ ಬಂದದ್ದು ಇಷ್ಟು ಎಂದು ಯಾರಾದರೂ ನಕ್ಕರೆ ನಗಲಿ.

ಮನೆಯ ಮಾತೇ ಬೇರೆ. ಅಲ್ಲಿ ದಿನಕ್ಕೆ ಎರಡು ದೊಡ್ಡ ಊಟ: ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅನ್ನ, ಬೇಳೆಕಟ್ಟು, ಪಲ್ಯ; ರಾತ್ರಿ ಮತ್ತೆ ಅದೇ. ಮಧ್ಯಾಹ್ನ ಒಂದು ಗಂಟೆಗೆ ನನ್ನ ಹೊಟ್ಟೆ ಶಿರಸಿಯ ಲೆಕ್ಕದಲ್ಲಿ ಕೂಗುತ್ತಿತ್ತು. ರಜೆ ಶನಿವಾರ, ಭಾನುವಾರ ಶಾಲೆ. ದಾರಿಯಲ್ಲಿ ಸಿಕ್ಕವರೆಲ್ಲ "ಖಾನಾ ಖಾನುಭಯೋ?" ಎಂದು ಕೇಳುವುದು ಮಾತ್ರ ನಮ್ಮ "ಊಟ ಆತ?" ಎನ್ನುವುದರ ತದ್ರೂಪು. ನೇಪಾಳಿಯಲ್ಲಿ ಎದುರಿನವರನ್ನು ಕರೆಯಲು ಮೂರು ಮೆಟ್ಟಿಲುಗಳಿವೆ: ಗೌರವಕ್ಕೆ ತಪಾಈಂ, ಸಲಿಗೆಗೆ ತಿಮಿ, ತೀರ ಹತ್ತಿರದವರಿಗೆ ಅಥವಾ ಸಿಟ್ಟಿಗೆ ತ. ಮೊದಲ ಎರಡು ತಿಂಗಳು ಆಮಾ ನನ್ನನ್ನು ತಪಾಈಂ ಎಂದೇ ಕರೆದರು. ಬಟ್ಟಲು ತೊಳೆಯಲು ಬಿಡಲಿಲ್ಲ, ಮೊದಲ ಬಡಿಸಾಟ ನನಗೇ. ಪ್ರೀತಿಯಿತ್ತು, ಆದರೆ ಅತಿಥಿಯ ಮೇಲಿನ ಪ್ರೀತಿ.

ಅದು ಬದಲಾದದ್ದು ಆಷಾಢದ ನಾಟಿಯಲ್ಲಿ. ನಮ್ಮಲ್ಲಿ ಮುಯ್ಯಾಳು ಎನ್ನುವುದನ್ನು ಅಲ್ಲಿ ಪರ್ಮ ಎನ್ನುತ್ತಾರೆ: ಇಂದು ನಿಮ್ಮ ಗದ್ದೆಗೆ ನಮ್ಮ ಮನೆಯ ಆಳು, ನಾಳೆ ನಮ್ಮ ಗದ್ದೆಗೆ ನಿಮ್ಮದು. ಆ ಮನೆಯಿಂದ ಹೋಗಬೇಕಾದ ಆಳುಗಳ ಲೆಕ್ಕದಲ್ಲಿ ಒಬ್ಬರು ಕಡಿಮೆ ಬಿದ್ದರು. ಬಜೈಗೆ ಮೊಣಕಾಲು ನೋವು. ನಾನು ಬರುತ್ತೇನೆ ಎಂದೆ. ಆಮಾ ಒಂದು ಕ್ಷಣ ಯೋಚಿಸಿ, ತಮ್ಮ ಹಳೆಯ ಸೀರೆಯನ್ನು ಎಸೆದು, "ತಿಮಿ ಇದನ್ನು ಉಟ್ಟುಕೋ" ಎಂದರು. ಸಸಿಯನ್ನು ಆಳವಾಗಿ ಊರುತ್ತೇನೆಂದು ನೆರೆಮನೆಯವಳಿಂದ ಬೈಸಿಕೊಂಡೆ. ಆಷಾಢದ 15ರಂದು ಎಲ್ಲರ ಜೊತೆ ಬದುವಿನ ಮೇಲೆ ಕುಳಿತು ಮೊಸರವಲಕ್ಕಿ ತಿಂದೆ. ಮೂರು ದಿನದ ನಂತರ ಆ ನೆರೆಮನೆಯವಳು ಇವರ ಗದ್ದೆಗೆ ಬಂದಾಗ, "ನಿನ್ನ ಆಳಿನ ಮುಯ್ಯಿ ತೀರಿಸಲು ಬಂದೆ" ಎಂದು ನನ್ನನ್ನೇ ನೋಡಿ ಹೇಳಿದಳು. ಆಗ ನನಗಾದ ಹೆಮ್ಮೆ ಬಿ.ಎಡ್. ಪದವಿ ಬಂದಾಗಲೂ ಆಗಿರಲಿಲ್ಲ. ಅಲ್ಲಿಂದ ಮುಂದೆ ಬಟ್ಟಲು ನಾನೇ ತೊಳೆದೆ.

ಅಕ್ಟೋಬರಿನ ದಸೈಂನಲ್ಲಿ, ಅಂದರೆ ಅಲ್ಲಿನ ದಸರೆ ಹಬ್ಬದಲ್ಲಿ, ಬಜೈ ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾ ಹಚ್ಚಿ, ಕತ್ತಲಲ್ಲಿ ಬೆಳೆಸಿದ ಜವೆಯ ಹಳದಿ ಮೊಳಕೆಗಳನ್ನು ಕಿವಿಗೆ ಸಿಕ್ಕಿಸಿ, ಹತ್ತು ರೂಪಾಯಿ ದಕ್ಷಿಣೆ ಕೊಟ್ಟರು. 2021ರಲ್ಲಿ ಬಜೈ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ನಾನು ಅಳುವುದನ್ನು ಕಂಡ ನಮ್ಮ ಅಮ್ಮಮ್ಮ, "ಹಾಗಾದರೆ ನಿನಗೆ ಸೂತಕ ಇಲ್ಲವೇನೇ?" ಎಂದು ಕೇಳಿದರು. ಚೇಷ್ಟೆಯೋ ನಿಜವೋ ಇಂದಿಗೂ ತಿಳಿಯದು.

ಇದಿಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗಿ ನನ್ನ ಬೆರಳು ಬಿಡುತ್ತಿರಲಿಲ್ಲ. ಹೊರಡುವ ದಿನ ಅವಳು ಕೇಳಿದಾಗ, "ಬರುವ ದಸೈಂಗೆ ಬರುತ್ತೇನೆ" ಎಂದೆ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿತು. ನಾನು ಮತ್ತೆ ಹೋದದ್ದು 2022ರ ನವೆಂಬರಿನಲ್ಲಿ. ಆಮಾ ಗೇಟಿನಲ್ಲೇ ಬೈದು ಒಳಗೆ ಕರೆದರು. ಎರಡೂವರೆ ವರ್ಷದ ಸಿಟ್ಟು ಒಂದು ಲೋಟ ಚಹಾದಲ್ಲಿ ಮುಗಿಯಿತು, ಏಕೆಂದರೆ ನಡುವೆ ವಾರಕ್ಕೊಮ್ಮೆಯಾದರೂ ನಾವು ಮಾತನಾಡಿದ್ದೆವು. ಶಾಲೆಯಲ್ಲಿ ಆ ಹುಡುಗಿ ಐದನೆಯ ತರಗತಿಗೆ ಬಂದಿದ್ದಳು. ನನ್ನನ್ನು ಕಂಡು ಶಿಕ್ಷಕಿಯ ಬೆನ್ನ ಹಿಂದೆ ಹೋಗಿ ನಿಂತಳು, ಮಾತನಾಡಲಿಲ್ಲ. ಮನೆಗೆ ಬಂದು ಆಮಾನಿಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಲೇ, "ಅವಳ ಅಮ್ಮನೂ ಬರುವ ದಸೈಂಗೆ ಬರುತ್ತೇನೆ ಎಂದೇ ಕುವೈತಿಗೆ ಹೋದದ್ದು" ಎಂದರು.

ಮುಯ್ಯಿ ನಡೆಯುವುದು ಸಮಾನರ ನಡುವೆ. ಆಮಾ ನನಗೆ ಬೈಯಬಲ್ಲರು, ಫೋನು ಮಾಡಬಲ್ಲರು, ಬೇಡವಾದರೆ ಬಾಗಿಲು ಹಾಕಿಕೊಳ್ಳಬಲ್ಲರು. ಏಳು ವರ್ಷದ ಮಗುವಿನ ಕೈಯಲ್ಲಿ ಇದಾವುದೂ ಇಲ್ಲ. ಅದಕ್ಕೆ ಕಾಯುವುದೊಂದೇ ಗೊತ್ತು. ನಿಮ್ಮ ಅತ್ತೆಯವರ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದು: ಆ ಮಕ್ಕಳಿಗೆ ನಾವು ಏನೂ ಆಗಬಾರದು, ಅವರ ಶಿಕ್ಷಕಿಗೆ ಸಹಾಯಕರಾದರೆ ಸಾಕು. ಏನಾದರೂ ಆಗುವುದಿದ್ದರೆ ಅನ್ನ ಹಾಕಿದ ಮನೆಗೆ ಆಗಬೇಕು.

ಕೊಡಸಳ್ಳಿ ದಾರಿ, ಯಲ್ಲಾಪುರ

ಮೇಲಿನ ಬರಹ ಓದಿ ಎರಡು ದಿನ ಸುಮ್ಮನಿದ್ದೆ. ನಾನು ಆ ಬೆಂಚಿನ ಇನ್ನೊಂದು ತುದಿಯಲ್ಲಿದ್ದವನು. ನಾನು ಆಫ್ರಿಕಾ ಮೂಲದ ಸಿದ್ದಿ ಸಮುದಾಯದವನು. ತೊಂಬತ್ತರ ದಶಕದಲ್ಲಿ ಒಂದು ವಸತಿನಿಲಯದಲ್ಲಿ ಉಳಿದು ಓದಿದೆ. ಅದರ ಹೆಸರು ಇಲ್ಲಿ ಬೇಡ. ಬೇಸಿಗೆಗೆ ಮೊದಲು ಹೊರದೇಶದವರು ಬರುತ್ತಿದ್ದರು. ಚಾಕಲೇಟು ಕೊಡುತ್ತಿದ್ದರು, ನಮ್ಮ ಕೂದಲನ್ನು ಮುಟ್ಟಿ ನೋಡುತ್ತಿದ್ದರು, ಕುಣಿಯಲು ಹೇಳುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಆ ಫೋಟೋಗಳಲ್ಲಿ ಒಂದೂ ನಮ್ಮ ಕೈಗೆ ಬರಲಿಲ್ಲ. ನನ್ನ ಬಾಲ್ಯದ ಒಂದೇ ಒಂದು ಚಿತ್ರ ನನ್ನ ತಾಯಿಯ ಬಳಿ ಇಲ್ಲ. ಯಾವುದೋ ದೇಶದ ಯಾರದೋ ಗೋಡೆಯ ಮೇಲೆ ಇದ್ದರೂ ಇರಬಹುದು. ಹೊರಡುವ ದಿನ ಅವರು ಅಳುತ್ತಿದ್ದರು. ಸಾಲಾಗಿ ನಿಂತು ಅವರನ್ನು ಸಮಾಧಾನ ಮಾಡುವುದು ನಮ್ಮ ಕೆಲಸ. ಅಳಬೇಡಿ ಎನ್ನಲು ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ವಾರ್ಡನ್ನರು ಮೊದಲೇ ಕಲಿಸಿರುತ್ತಿದ್ದರು.

ಒಬ್ಬರು ಮಾತ್ರ ಬೇರೆಯಾಗಿದ್ದರು. ಎರಡು ವರ್ಷ ಇದ್ದರು, ಕನ್ನಡ ಕಲಿತರು. ದೀಪಾವಳಿಯ ರಜೆಯಲ್ಲಿ ನನ್ನ ಜೊತೆ ನಮ್ಮ ಕೇರಿಗೆ ನಡೆದು ಬಂದರು. ದಾರಿಯಲ್ಲಿ ಅವರು, "ನಿನ್ನ ಮನೆಯಲ್ಲಿ ಅಮ್ಮ ಇದ್ದಾರೆ, ಅಜ್ಜಿ ಇದ್ದಾರೆ, ನೀನು ಯಾಕೆ ಹಾಸ್ಟೆಲಿನಲ್ಲಿ ಇದ್ದೀಯ?" ಎಂದು ಕೇಳಿದರು. ಅಲ್ಲಿಯವರೆಗೆ ಬಂದವರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ಉತ್ತರ ಬಹಳ ಸರಳವಾಗಿತ್ತು. ಶಾಲೆಗೆ ಎಂಟು ಕಿಲೋಮೀಟರ್ ಕಾಡುದಾರಿ, ಮಳೆಗಾಲದಲ್ಲಿ ಹಳ್ಳಕ್ಕೆ ಕಾಲುಸಂಕವಿರಲಿಲ್ಲ. ನನಗೆ ಬೇಕಾಗಿದ್ದದ್ದು ಚಾಕಲೇಟಲ್ಲ, ಒಂದು ಸಂಕ. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ರಸ್ತೆ ಬಂದದ್ದು ಅದಕ್ಕೂ ತಡವಾಗಿ.

ಆಕೆ ನಮ್ಮ ತಾಯಿಗೆ ಇಂದಿಗೂ ವರ್ಷಕ್ಕೊಮ್ಮೆ ಕರೆ ಮಾಡುತ್ತಾರೆ. ನನಗಲ್ಲ, ತಾಯಿಗೆ.

ಓಂಬೀಚಿನ ಮೇಲಿನ ಮನೆ, ಗೋಕರ್ಣ

ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಪ್ರವಾಸಿಗರಿಗೆ ಕೋಣೆ ಕೊಡುತ್ತೇವೆ. ಕುಟುಂಬದ ಜೊತೆ ವಸತಿ ಎಂದು ಏಜೆಂಟರು ಹೇಳುವುದರ ಒಳಗನ್ನು ಸ್ವಲ್ಪ ತಿಳಿಸುತ್ತೇನೆ. ಬಂದವರು ಕೊಡುವ ಹಣದಲ್ಲಿ ಎಷ್ಟು ಪಾಲು ಮನೆಯವರಿಗೆ ಸೇರುತ್ತದೆ ಎಂದು ಮೊದಲೇ ಕೇಳಿ. ಒಮ್ಮೆ ಹೊರಗಿನವರೊಬ್ಬರ ಮೂಲಕ ಬಂದ ಹುಡುಗಿ ತಾನು ಕೊಟ್ಟ ಮೊತ್ತ ಹೇಳಿದಾಗ, ನಮ್ಮ ಕೈಗೆ ಬಂದದ್ದು ಅದರ ಆರನೆಯ ಒಂದು ಭಾಗವೂ ಅಲ್ಲ ಎಂದು ಗೊತ್ತಾಯಿತು. ಅವಳು, ನಾವು ಇಬ್ಬರೂ ಮುಜುಗರದಿಂದ ತಲೆ ತಗ್ಗಿಸಿದೆವು.

ಇನ್ನೊಂದು ಮಾತು. ನಮ್ಮ ಆಯಿಗೆ (ಅಮ್ಮನಿಗೆ) ಬಂದವರೆಲ್ಲರ ಮೇಲೂ ಮಮತೆ. ಮೊದಲ ವರ್ಷಗಳಲ್ಲಿ ಪ್ರತಿಯೊಬ್ಬರೂ ಹೋದಾಗ ಎರಡು ದಿನ ಊಟ ಸೇರುತ್ತಿರಲಿಲ್ಲ. ಈಗ ಹೆಸರನ್ನೇ ಕೇಳುವುದಿಲ್ಲ, ಊರಿನ ಹೆಸರಿನಿಂದ ಕರೆಯುತ್ತಾಳೆ. ದೊಡ್ಡವರಿಗೇ ಹೀಗಾದರೆ ಮಕ್ಕಳ ಪಾಡು ಯೋಚಿಸಿ.

ಬಕುಲದ ನೆರಳು, ಶಿರಸಿ

ಎಲ್ಲವನ್ನೂ ಮಗಳಿಗೆ ಓದಿಸಿದೆ. ಯಲ್ಲಾಪುರದವರ ಬರಹ ಓದಿದ ಮೇಲೆ ಬಹಳ ಹೊತ್ತು ಮಾತನಾಡಲಿಲ್ಲ. ರಾತ್ರಿ ಏಜೆಂಟರಿಗೆ ಮೂರು ಪ್ರಶ್ನೆ ಬರೆದು ಕಳಿಸಿದಳು: ಆ ಆಶ್ರಮದ ಮಕ್ಕಳಲ್ಲಿ ಎಷ್ಟು ಜನರಿಗೆ ತಂದೆತಾಯಿ ಇದ್ದಾರೆ, ಅವರನ್ನು ಮನೆಗೆ ಮರಳಿಸಲು ಏನು ಮಾಡುತ್ತಿದ್ದೀರಿ, ಉಳಿಯುವ ಮನೆಯವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ. ಮುಂಗಡವನ್ನು ಮೂರು ದಿನದೊಳಗೆ ಕಟ್ಟಿದರೆ ಹತ್ತು ಶೇಕಡಾ ರಿಯಾಯಿತಿ ಎಂದು ಉತ್ತರ ಬಂತು. ಉಳಿದದ್ದಕ್ಕೆ ಉತ್ತರವಿಲ್ಲ.

ಮೇಚಿ ಆಚೆಯವರನ್ನು ಕೇಳುವುದು: ಅವಳಿಗೆ ಹೋಗುವ ಮನಸ್ಸು ಇನ್ನೂ ಇದೆ, ಆದರೆ ಹೀಗಲ್ಲ. ಮನೆಯವರಿಗೆ ಹಣ ಕೊಡುವುದು, ಉಡುಗೊರೆ, ಫೋಟೋ, ಇವನ್ನೆಲ್ಲ ನೀವು ಹೇಗೆ ನಿಭಾಯಿಸಿದಿರಿ?

ಮೇಚಿ ಆಚೆ, ಹುಲೇಕಲ್ ಕಡೆ

ಆ ರಿಯಾಯಿತಿಯ ಉತ್ತರ ಬಂದದ್ದು ಒಳ್ಳೆಯದೇ ಆಯಿತು, ನಾವು ನೂರು ಮಾತು ಹೇಳುವುದು ತಪ್ಪಿತು.

ಹಣದ ವಿಷಯದಲ್ಲಿ ಸಂಕೋಚ ಪಟ್ಟರೆ ಸಂಬಂಧ ಕೆಡುತ್ತದೆ. ನಾನು ತಿಂಗಳಿಗೆ 8,000 ನೇಪಾಳಿ ರೂಪಾಯಿ ಕೊಡುತ್ತಿದ್ದೆ, ಅಂದರೆ ನಮ್ಮ 5,000; ನಮ್ಮ ನೂರಕ್ಕೆ ಅವರ ನೂರ ಅರವತ್ತು ಎಂಬುದು ಬಹಳ ವರ್ಷಗಳಿಂದ ಸ್ಥಿರವಾಗಿದೆ. ಮೊತ್ತವನ್ನು ಉಳಿತಾಯ ಗುಂಪಿನವರೇ ಮೊದಲ ದಿನ ಎಲ್ಲರ ಎದುರಿಗೆ ನಿಗದಿ ಮಾಡಿದರು. ನಾಟಿಯ ನಂತರ ಆಮಾ ಹಣ ಬೇಡವೆಂದು ಜಗಳ ತೆಗೆದರು. ಮಗಳಂತೆ ಇದ್ದವಳು ಬಾಡಿಗೆ ಕೊಡುವುದೇ ಎಂಬ ಮಾತು ಕಿವಿಗೆ ಇಂಪು, ಆದರೆ ಅವರ ಅಕ್ಕಿಯ ಡಬ್ಬಕ್ಕೆ ಅದು ಕೇಳಿಸುವುದಿಲ್ಲ. ಕೊನೆಯ ತಿಂಗಳವರೆಗೂ ಗುಂಪಿನ ಪುಸ್ತಕದ ಮೂಲಕವೇ ಕೊಟ್ಟೆ.

ಮಕ್ಕಳಿಗೆ ಒಬ್ಬೊಬ್ಬರಿಗೆಂದು ಏನನ್ನೂ ಕೊಡಬೇಡಿ; ಕೊಡುವುದಿದ್ದರೆ ಶಾಲೆಗೆ, ಅದೂ ಶಿಕ್ಷಕರು ಕೇಳಿದ್ದನ್ನು. ಫೋಟೋಗಳ ಬಗ್ಗೆ ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೇ, ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಪ್ರಕಟಿಸಬಾರದು ಎನ್ನುತ್ತದೆ. ನಾನು ಮನೆಯವರ ಫೋಟೋ ತೆಗೆದೆ, ಅಚ್ಚು ಹಾಕಿಸಿ ಅವರ ಗೋಡೆಗೆ ಕೊಟ್ಟೆ. ಶಾಲೆಯ ಮಕ್ಕಳದ್ದು ಒಂದೂ ನನ್ನ ಬಳಿ ಇಲ್ಲ.

ಭಾಷೆಯನ್ನು ಮಾತ್ರ ಹೊರಡುವ ಮೊದಲೇ ಕಲಿಯಲಿ. ದೇವನಾಗರಿ ಓದಲು ಬಂದರೆ ಅರ್ಧ ದಾರಿ ಮುಗಿಯಿತು. ಅಮೆರಿಕದ ಪೀಸ್ ಕೋರ್ ಎಂಬ ಸ್ವಯಂಸೇವಾ ಯೋಜನೆಯವರು 1962ರಲ್ಲಿ ನೇಪಾಳಕ್ಕೆ ಬಂದವರು. ಅವರೂ ಮೊದಲ ತಿಂಗಳುಗಳಲ್ಲಿ ಭಾಷೆ ಕಲಿತು, ಆಮೇಲೆ ಎರಡು ವರ್ಷ ಒಂದೇ ಊರಿನಲ್ಲಿ ಇರುತ್ತಾರೆ. ನಾಲ್ಕು ವಾರದಲ್ಲಿ ಮಗುವಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಬಹುದು, ಅಷ್ಟೇ. ಒಂದು ಶೈಕ್ಷಣಿಕ ವರ್ಷ ಇರಲು ಸಾಧ್ಯವಾದರೆ ಹೋಗಲಿ. ಅಲ್ಲಿ ಶಾಲೆ ಆರಂಭವಾಗುವುದು ವೈಶಾಖದಲ್ಲಿ, ಏಪ್ರಿಲ್ ಮಧ್ಯದ ಸುಮಾರಿಗೆ. ಅಷ್ಟು ಸಮಯವಿಲ್ಲವೆಂದರೆ ಪ್ರವಾಸಿಯಾಗಿ ಹೋಗಿ ಬರಲಿ, ಅದರಲ್ಲಿ ಅವಮಾನವೇನಿಲ್ಲ.

ಬಕುಲದ ನೆರಳು, ಶಿರಸಿ

ಬರುವ ಜೂನ್‌ನಿಂದ ಮಾರ್ಚಿನವರೆಗೆ ಜೋಯಿಡಾ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಇರಲು ಅರ್ಜಿ ಹಾಕಿದ್ದಾಳೆ. ಹೊಸಗದ್ದೆಯವರು ಗೆದ್ದೆವೆಂದು ಬೀಗಬಾರದು. ಒಂದು ವರ್ಷ ಮಕ್ಕಳ ಜೊತೆ ಇರಬಲ್ಲೆನೋ ಇಲ್ಲವೋ ಎಂದು ತನ್ನನ್ನೇ ಪರೀಕ್ಷಿಸಿಕೊಂಡು, ಆಮೇಲೆ ಗಡಿ ದಾಟುವ ಯೋಚನೆಯಂತೆ. ನೇಪಾಳಿ ಪಾಠವನ್ನು ಫೋನಿನಲ್ಲಿ ಈಗಲೇ ಆರಂಭಿಸಿದ್ದಾಳೆ. ಅತ್ತೆಯವರಿಗೆ "ಖಾನಾ ಖಾನುಭಯೋ?" ಎಂದು ಕೇಳಿ ದಿನವೂ ಬೈಸಿಕೊಳ್ಳುತ್ತಾಳೆ.

ಮೇಚಿ ಆಚೆ, ಹುಲೇಕಲ್ ಕಡೆ

ಸಂತೋಷ. ಈಗ ನನ್ನದೊಂದು ಕೇಳಿಕೆ, ಇಲ್ಲಿಯೇ ಕೇಳಿಬಿಡುತ್ತೇನೆ. ಮುಂದಿನ ತಿಂಗಳು ಕೊನೆಕೊಯ್ಲಿನ ಹೊತ್ತಿಗೆ ಆಮಾ ಮತ್ತು ಬಹಿನಿ (ನಾನು ತಂಗಿ ಎಂದು ಕರೆಯುವ ಅವರ ಮಗಳು) ನಮ್ಮ ಮನೆಗೆ ಬರುತ್ತಿದ್ದಾರೆ. ನಾವು ಅಡಿಕೆಯನ್ನು ಬೇಯಿಸಿ ಕೆಂಪು ಮಾಡುವುದನ್ನು ಆಮಾ ಕಣ್ಣಾರೆ ನೋಡಬೇಕಂತೆ, ಮೆಟ್ಟುಗತ್ತಿಯಲ್ಲಿ ಸುಲಿಯುವುದನ್ನೂ ಕಲಿಯಬೇಕಂತೆ. ಅವರ ನಾಗರಿಕತಾ ಪತ್ರವಿದ್ದರೆ ಈ ಕಡೆಗೂ ವೀಸಾ ಬೇಡ. ನ್ಯೂ ಜಲ್ಪಾಯಿಗುರಿಯಿಂದ ಬೆಂಗಳೂರಿಗೆ ನೇರ ರೈಲಿದೆ, ಅಲ್ಲಿಯವರೆಗೆ ಚಿಂತೆಯಿಲ್ಲ. ಆಮಾನಿಗೆ ಘಟ್ಟದ ಬಸ್ಸಿನಲ್ಲಿ ವಾಂತಿಯಾಗುತ್ತದೆ. ಬೆಂಗಳೂರಿನಿಂದ ಮುಂದೆ ಹೇಗೆ ಕರೆತರುವುದು ಲೇಸು?

ಹೊಸಗದ್ದೆ, ಸಿದ್ದಾಪುರ

ಬಸ್ಸು ಬೇಡವೇ ಬೇಡ. ರಾತ್ರಿ ತಾಳಗುಪ್ಪದ ರೈಲು ಹತ್ತಿಸಿ, ಬೆಳಿಗ್ಗೆ ಇಳಿಯುತ್ತಾರೆ. ನಿಲ್ದಾಣ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ, ಜೀಪು ತೆಗೆದುಕೊಂಡು ನಾನೇ ಬರುತ್ತೇನೆ. ತಿಂಡಿ ನಮ್ಮಲ್ಲಿ ಮುಗಿಸಿಕೊಂಡು ಹುಲೇಕಲ್ಲಿಗೆ ನಿಧಾನವಾಗಿ ಹೋದರಾಯಿತು. ಅವರಿಗೆ ತೆಳ್ಳೇವು (ತೆಳು ದೋಸೆ) ಸೇರುತ್ತದೆಯೋ, ಅನ್ನವೇ ಆಗಬೇಕೋ, ಅದನ್ನು ಮಾತ್ರ ಮೊದಲೇ ತಿಳಿಸಿ.